ಹನ್ನೊಂದನೆಯ ಜೋಡಿಯ ವರ

ಭಾಷಣ ಮಾಡುವ ಚಟ ಒಂದು ಸಲ ಹತ್ತಿತೆಂದರೆ ಬಿಡಿಸುವುದು ಕಷ್ಟ. ಎಲೆ ಅಡಿಕೆಯ ಚಟದವನು ಅಂಗಡಿ ಮುಚ್ಚಿದ್ದರೆ ಸುಮ್ಮನೆ ಮನೆಗೆ ಹೋದಾನು. ಭಾಷಣದವನು ಹಾಗಲ್ಲ. ನಾಲ್ಕು ಜನ ಬಸ್ಸಿಗೆ ಕಾಯುತ್ತ ನಿಂತಿದ್ದರೆ ಸಾಕು, ‘ಬಂಧುಗಳೇ’ ಅಂದುಬಿಡುತ್ತಾನೆ. ನನಗೆ ಈ ಚಟ ಹತ್ತಿದ್ದು ಹುನಗುಂದದಲ್ಲಿ ವಕೀಲಿ ಆರಂಭಿಸಿದ ಹೊಸದರಲ್ಲಿ. ಕೋರ್ಟಿನಲ್ಲಿ ನನ್ನಂಥ ಹೊಸಬರಿಗೆ ಆಡಲು ಸಿಗುತ್ತಿದ್ದುದು ಒಂದೇ ವಾಕ್ಯ: ‘ಮುಂದಿನ ತಾರೀಖು ಕೊಡಬೇಕು, ಸ್ವಾಮಿ.’ ಅಷ್ಟೆಲ್ಲ ಕಾನೂನು ಓದಿ ದಿನಕ್ಕೊಂದೇ ವಾಕ್ಯ ಆಡಿದರೆ ಉಳಿದ ಮಾತೆಲ್ಲ ಎಲ್ಲಿ ಹೋಗಬೇಕು ಹೇಳಿ? ಅದೆಲ್ಲ ಸಮಾಜಸೇವೆಗೆ ಹೋಯಿತು.

ಆಗ ನನ್ನ ಬಳಿ ಮೊಬೈಲು ಇರಲಿಲ್ಲ. ಆದರೂ ನನ್ನನ್ನು ಹಿಡಿಯುವುದು ಯಾರಿಗೂ ಕಷ್ಟವಾಗುತ್ತಿರಲಿಲ್ಲ, ಏಕೆಂದರೆ ಎಲ್ಲಿ ಮೈಕು ಕೂಗುತ್ತಿದೆಯೋ ಅಲ್ಲಿ ಬಂದು ನೋಡಿದರೆ ನಾನಿರುತ್ತಿದ್ದೆ. ಬೆಳಿಗ್ಗೆ ಹುನಗುಂದದ ಕೋರ್ಟು. ಮಧ್ಯಾಹ್ನ ಬಾಗಲಕೋಟೆಯಲ್ಲಿ ನನ್ನ ಸೀನಿಯರ್ ಸಾಹೇಬರ ಆಫೀಸು. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹೊಲಮನೆಗಳ ಪರಿಹಾರದ ಕೇಸುಗಳ ಕಾಲ, ಕಡತಗಳನ್ನು ಎತ್ತಿ ಕೆಳಗಿಟ್ಟರೇ ಕೂರಲು ಕುರ್ಚಿ. ಒಂದು ದಿನ ಮರೋಳದಲ್ಲಿ ಕಾನೂನು ಅರಿವಿನ ಶಿಬಿರ, ಮರುದಿನ ರಕ್ತದಾನ, ರವಿವಾರ ಶಿರೂರಿನಲ್ಲಿ ವಾಲಿಬಾಲ್ ಪಂದ್ಯ. ಆ ಪಂದ್ಯಕ್ಕೆ ನಾನೇ ರೆಫರಿ. ಸೋತವರು ಬಯ್ಯುವುದು ಲೋಕರೂಢಿ, ನನ್ನನ್ನು ಗೆದ್ದವರೂ ಬಯ್ದರು. ಇನ್ನು ಬಾದಾಮಿ ಕೋರ್ಟಿಗೆ ಹೋದ ದಿನದ ಕಥೆ ಬೇರೆಯೇ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಮಂಗ ನನ್ನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು, ಹಣ್ಣಿನ ಜೊತೆ ನನ್ನ ವಕೀಲಿಯ ಬಿಳಿ ಕೊರಳಪಟ್ಟಿಯನ್ನೂ ಒಯ್ದು ಗೋಡೆಯ ಮೇಲೆ ಕುಳಿತಿತು. ನನ್ನ ಕಕ್ಷಿದಾರರಾದ ಕುಳಗೇರಿ ಕ್ರಾಸಿನ ಹಿರಿಯರು, ಕೆಳಗಿನಿಂದ ಅದನ್ನೇ ನೋಡುತ್ತ, ‘ಪಟ್ಟಿ ಅದಕ್ಕ ಛಲೋ ಒಪ್ಪತೈತಿ ಬಿಡ್ರಿ ಸಾಹೇಬ್ರ’ ಎಂದರು. ಆ ಕೇಸು ಸೋತೆ ಎಂದು ಬೇರೆ ಹೇಳಬೇಕಾಗಿಲ್ಲ.

ಇಂಥ ಓಡಾಟದ ನಡುವೆ ನಮ್ಮ ಗೆಳೆಯರ ಬಳಗ ಸಾಮೂಹಿಕ ವಿವಾಹ ಮಾಡಿಸಲು ನಿಶ್ಚಯಿಸಿತು. ಈ ವಿಚಾರ ಹೊಳೆದದ್ದು ಮಹಾಂತೇಶನಿಗೆ. ಅವನು ನನ್ನ ಬಾಲ್ಯದ ಗೆಳೆಯ, ಹುನಗುಂದದಲ್ಲಿ ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದವನು, ಬೂತಿನೊಳಗೆ ಕೂತು ಊರಿನ ಎಲ್ಲರ ಮದುವೆ ಮಾತುಕತೆಯನ್ನೂ ಬೇಡವೆಂದರೂ ಕೇಳುತ್ತಿದ್ದವನು. ‘ಲೇ, ಒಂದೊಂದು ಮದುವಿಗೂ ಮಂದಿ ಹೊಲಾ ಮಾರಾಕತ್ತಾರ, ಮಗ್ಗಾ ಒತ್ತಿ ಇಡಾಕತ್ತಾರ. ಒಂದಽ ಹಂದರದಾಗ ಎಲ್ಲಾರದೂ ಮಾಡಿ ಮುಗಿಸೂಣು’ ಎಂದ. ಇಳಕಲ್ಲಿನ ಸಾಲೆಯ ಬಯಲಿನಲ್ಲಿ ಹಂದರ ಎಂದು ನಿಶ್ಚಯವಾಯಿತು. ವಧುವರರ ವಯಸ್ಸು ಪರಿಶೀಲಿಸುವುದು ಮತ್ತು ಭಾಷಣ ಮಾಡುವುದು, ಎರಡೂ ನನ್ನ ಪಾಲಿಗೆ ಬಂದವು. ಮೊದಲನೆಯದನ್ನು ಕರ್ತವ್ಯವೆಂದೂ ಎರಡನೆಯದನ್ನು ಪ್ರಸಾದವೆಂದೂ ಸ್ವೀಕರಿಸಿದೆ.

ಆದರೆ ಹೆಸರು ಬರೆಸಲು ಜನ ಬರಲೊಲ್ಲರು. ಬರೆಸಿದ ಕೆಲವರೂ ಒಬ್ಬೊಬ್ಬರಾಗಿ ಬಂದು ಪಟ್ಟಿಯಿಂದ ಹೆಸರು ಹೊಡೆಸಿ ತೆಗೆಸುತ್ತಿದ್ದರು. ‘ಅದು ಬಡವರ ಮದುವಿ ಅಂತಾರ್ರಿ ಮಂದಿ. ನಾಳೆ ಬೀಗರು ನಮ್ಮ ಹುಡಿಗಿನ್ನ ಅದಽ ಮಾತಿಲೆ ಚುಚ್ಚಿದ್ರ?’ ಎಂದು ಕೇಳುತ್ತಿದ್ದರು. ಹೀಗೇ ಸಾಗಿದರೆ ಹಂದರ ಇರುತ್ತದೆ, ಮದುವೆ ಇರುವುದಿಲ್ಲ. ನಮ್ಮನ್ನು ನಂಬಿ ಕೊನೆಗೂ ಉಳಿದ ಮನೆಗಳ ಮಾನ ಬೀದಿಗೆ ಬರುತ್ತದೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿಕೆಯಾದಾಗ ನಾನು ಮಾಡುವುದು ಒಂದೇ. ಇಳಕಲ್ಲಿಗೆ ಹೋಗಿ ಇನ್ನೊಂದು ಭಾಷಣ ಮಾಡಿದೆ.

ಅದೇ ದಿನ ಇಳಕಲ್ಲಿನಲ್ಲೇ ನನಗೆ ಕನ್ಯೆ ನೋಡುವ ಕಾರ್ಯಕ್ರಮವೂ ಇತ್ತು. ಒಂದೇ ಬಸ್‌ಚಾರ್ಜಿನಲ್ಲಿ ಎರಡು ಕೆಲಸವಾಗಲಿ ಎಂದು ನಾನೇ ಹಾಗೆ ಹೊಂದಿಸಿದ್ದೆ. ಕನ್ಯೆಯ ಹೆಸರು ಸುವರ್ಣಾ, ಕನ್ನಡ ಸಾಲೆಯಲ್ಲಿ ಟೀಚರು. ಅವಳ ಅಪ್ಪ ವಿರೂಪಾಕ್ಷಪ್ಪನವರು ಪವರ್‌ಲೂಮ್ ಮಗ್ಗಗಳನ್ನು ಇಟ್ಟು ಸೀರೆ ನೇಯಿಸುವವರು, ಅನುಕೂಲಸ್ಥರು. ದಿನವೆಲ್ಲ ಮಗ್ಗದ ಸದ್ದಿನಲ್ಲಿ ಇದ್ದದ್ದರಿಂದ ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ, ‘ಚಹಾ ತಗೋರಿ’ ಎಂದರೂ ಎದ್ದು ನಿಲ್ಲಬೇಕು ಅನಿಸುತ್ತಿತ್ತು. ನನ್ನ ಅವ್ವ ಮತ್ತು ಅಪ್ಪ ಮೊದಲೇ ಹೋಗಿ ಕುಳಿತಿದ್ದರು. ಅಪ್ಪ ನಿವೃತ್ತ ಮಾಸ್ತರರು. ಬದುಕಿನುದ್ದಕ್ಕೂ ಮಕ್ಕಳಿಗೆ ‘ಸುಮ್ಮನೆ ಕೂಡ್ರಿ’ ಎಂದು ಹೇಳಿ ಹೇಳಿ ನಿವೃತ್ತಿಯಾದ ಮೇಲೆ ತಾವೇ ಸುಮ್ಮನೆ ಕೂತವರು. ನಾನು ಭಾಷಣ ಮುಗಿಸಿ ಬೆವರೊರೆಸಿಕೊಳ್ಳುತ್ತ ಬಂದು ಉಪ್ಪಿಟ್ಟಿನ ತಾಟು ಹಿಡಿದೆ.

‘ಏನರ ಕೇಳೂದಿದ್ರ ಕೇಳವಾ’ ಎಂದರು ವಿರೂಪಾಕ್ಷಪ್ಪನವರು ಮಗಳಿಗೆ, ಅವಳು ಏನೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ.

‘ಈಗ ಮೈಕಿನ್ಯಾಗ ಮಾತಾಡಿದವರು ನೀವಽ ಏನ್ರಿ?’ ಎಂದಳು ಸುವರ್ಣಾ. ಸಭೆ ನಡೆದದ್ದು ಅವರ ಮನೆಯ ಹಿಂದಿನ ಓಣಿಯಲ್ಲೇ ಎಂದು ನನಗೆ ಆಗ ಹೊಳೆಯಿತು. ಹೊಗಳುತ್ತಾಳೆ ಅಂದುಕೊಂಡು ಸ್ವಲ್ಪ ನೆಟ್ಟಗೆ ಕೂತು, ‘ಹೌದ್ರಿ’ ಎಂದೆ.

‘ಸಾಮೂಹಿಕ ಮದುವಿ ಕೀಳಲ್ಲ, ಅಭಿಮಾನದ ಕೆಲಸ ಅಂದ್ರಿ.’

‘ಹೌದು, ಅಂದೇನ್ರಿ.’

‘ಹಂಗಾದ್ರ ನಮ್ಮದೂ ಅಲ್ಲೇ ಆಗ್ಲಿ.’

ಉಪ್ಪಿಟ್ಟಿನ ಸಾಸಿವೆ ಕಾಳೊಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಹುಡುಗಿ ನನ್ನನ್ನು ಒಪ್ಪಿದ್ದಾಳೆ ಎಂದು ಹಿಗ್ಗಬೇಕೋ, ಸಿಕ್ಕಿಹಾಕಿಸಿದ್ದಾಳೆ ಎಂದು ಅಳಬೇಕೋ ತಿಳಿಯದೆ ಕೆಮ್ಮಿದೆ. ವಿರೂಪಾಕ್ಷಪ್ಪನವರು ಮೊದಲ ಬಾರಿಗೆ ಮೆಲ್ಲಗೆ, ‘ಏನ್ ಮಾತಿದು ಯವ್ವಾ?’ ಎಂದರು. ಅವಳು ಅಪ್ಪನ ಕಡೆ ತಿರುಗಿ, ‘ನಮ್ಮ ಓಣಿ ರೇಣುಕಾನ ಹೆಸರು ಬರಸ್ಯಾರಪ್ಪಾ. ನಾವು ದೊಡ್ಡ ಮಂಟಪದಾಗ ಮಾಡ್ಕೊಂಡು, ಇವರು ಅಲ್ಲಿ ಹೋಗಿ ಭಾಷಣ ಮಾಡಿದ್ರ ಆಕಿ ಹೆಂಗ ತಲಿ ಎತ್ತಿ ಕೂಡ್ತಾಳ?’ ಎಂದಳು. ರೇಣುಕಾಳ ಅಪ್ಪ ಇವರದೇ ಮಗ್ಗದಲ್ಲಿ ನೇಯುವವನು. ನಾನು ಅದುವರೆಗೆ ಹತ್ತಾರು ಕಡೆ ಗಂಟೆಗಟ್ಟಲೆ ಹೇಳಿದ್ದನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಳು. ಆ ಕ್ಷಣದಲ್ಲೇ ನನಗೆ ಅವಳು ತುಂಬ ಇಷ್ಟವಾದಳು.

ಇಷ್ಟವಾಗದೆ ಇದ್ದದ್ದು ಅವ್ವನಿಗೆ. ಇಳಕಲ್ಲಿನಿಂದ ಹುನಗುಂದ ಏನು ಮಹಾ ದೂರವಲ್ಲ, ಆದರೆ ಆ ದಿನ ಬಸ್ಸಿನಲ್ಲಿ ಅವ್ವನ ಪಕ್ಕದಲ್ಲಿ ಕೂತು ಬಂದ ನನಗೆ ದಿಲ್ಲಿಗೆ ಹೋಗಿ ಬಂದಷ್ಟಾಯಿತು. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಬಾಯಿಬಿಟ್ಟಳು. ‘ನನಗಿರಾಂವ ನೀ ಒಬ್ಬನಽ. ನಿನ್ನ ಮದುವಿ ಸಂತಿಯೊಳಗ ಮಾಡ್ಲೇನು? ಹುನಗುಂದದಾಗ ನಾ ಯಾರ ಮನಿ ಮದುವಿ ಉಂಡಿಲ್ಲ ಹೇಳು! ಇಷ್ಟು ವರ್ಷ ಮಂದಿ ಹಂದರದಾಗ ಉಂಡು ಬಂದೇನಿ. ಅವರನ್ನೆಲ್ಲ ಕರದು, ನನ್ನ ಹಂದರದಾಗ ಕುಂದ್ರಿಸಿ, ನನ್ನ ಕೈಲೆ ಬಡಸಬೇಕು ಅನ್ನೂದು ಒಂದಽ ಒಂದು ಆಶಾ ಇಟ್ಕೊಂಡಿದ್ನಿ.’ ಹಾಗೆಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ವಕೀಲನಾಗಿ ನನ್ನ ಬಳಿ ನೂರು ವಾದಗಳಿದ್ದವು, ಮಗನಾಗಿ ಒಂದೂ ಇರಲಿಲ್ಲ. ಅಪ್ಪ ಪೇಪರನ್ನು ಇನ್ನಷ್ಟು ಎತ್ತಿ ಹಿಡಿದರು.

ಮುಂದೆ ಕೆಲವು ದಿನ ಅವ್ವ ನನ್ನೊಡನೆ ಮಾತಾಡಲಿಲ್ಲ, ಸಿಟ್ಟನ್ನು ಪಾತ್ರೆಗಳ ಮೂಲಕ ತಿಳಿಸುತ್ತಿದ್ದಳು. ರೊಟ್ಟಿ ಬಡಿಯುವ ಸದ್ದಿನಿಂದಲೇ ನನಗೆ ಆ ದಿನದ ಹವಾಮಾನ ಗೊತ್ತಾಗುತ್ತಿತ್ತು. ಅತ್ತ ವಿರೂಪಾಕ್ಷಪ್ಪನವರು ಮಗಳ ಹಟಕ್ಕೆ ಸೋತು, ‘ನಿಮ್ಮ ತಾಯಾರು ಹೂಂ ಅಂದ್ರ ನಂದೇನೂ ತಕರಾರಿಲ್ಲ’ ಎಂದು ಮಹಾಂತೇಶನ ಬೂತಿಗೆ ಫೋನು ಮಾಡಿದರು. ಅವರು ಫೋನಿನಲ್ಲಿ ಹೇಳಿದ್ದು ಬೂತಿನ ಹೊರಗೆ ನಿಂತವರಿಗೆಲ್ಲ ಕೇಳಿಸಿತು. ಹೀಗಾಗಿ ನಾನು ಸಾಮೂಹಿಕದಲ್ಲೇ ಮದುವೆಯಾಗುವುದು ಊರಿಗೆಲ್ಲ ಗೊತ್ತಾಗಿ, ಹೆಸರು ಹೊಡೆಸಲು ಬಂದಿದ್ದ ಒಂದೆರಡು ಮನೆಯವರು ‘ವಕೀಲರಽ ಅಲ್ಲಿ ಮಾಡ್ಕೊಳ್ಳಾಕತ್ತಾರಂತ, ನೋಡೂಣು ತಡಿ’ ಎಂದು ತಿರುಗಿ ಹೋದರು. ಎಲ್ಲರ ಮದುವೆಯೂ ಈಗ ಅವ್ವನ ಒಂದು ‘ಹೂಂ’ಗೆ ಬಂದು ನಿಂತಿತ್ತು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಅವ್ವ ಸಾರು ಬಡಿಸುತ್ತ, ಗೋಡೆಯನ್ನು ನೋಡಿಕೊಂಡು, ‘ಅಲ್ಲಿ ಅಡಿಗಿ ಯಾರು ಮಾಡ್ತಾರಂತ?’ ಎಂದಳು.

‘ಇನ್ನೂ ಯಾರಂತ ಗೊತ್ತಾಗಿಲ್ಲವಾ.’

‘ಸಾರು ನೀರಾದ್ರ? ಬದನಿಕಾಯಿ ಪಲ್ಯಾ ಕಹಿ ಆದ್ರ? ಮಂದಿ ಯಾರ ಹೆಸರು ತಗೊಂಡು ಬಯ್ತಾರ?’ ಈಗ ನನ್ನತ್ತ ತಿರುಗಿದಳು. ‘ಆ ಹುಡಿಗಿ ಹೇಳಿದ್ದು ನಾಕು ದಿನದಿಂದ ತಲಿಯೊಳಗಽ ಕುಂತೈತಿ. ಆ ರೇಣುಕಾನೂ ಯಾರದೋ ಮಗಳಲ್ಲೇನು? ಹೋಗ್ಲಿ ಬಿಡು. ಆದ್ರ ಅಡಿಗಿ ಮುಂದ ನಾನಽ ನಿಂದ್ರತೇನಿ. ನಾ ಕರದವರೆಲ್ಲ ಬರಬೇಕು. ಹುಗ್ಗಿಗಿ ತುಪ್ಪಾ ಕಡಿಮಿ ಬಿತ್ತಂದ್ರ ನಿಮ್ಮ ಕಮಿಟಿಯವರನ್ನ ಬಿಡೂದಿಲ್ಲ.’ ನಾನು ತಾಟು ಬಿಟ್ಟು ಎದ್ದು ಅವಳ ಕಾಲು ಹಿಡಿದೆ. ‘ಎಂಜಲಗೈ!’ ಎಂದು ಬಯ್ದಳು.

ಮದುವೆಯ ದಿನ ಬಂತು. ಹೊಡೆಸಿದ ಹೆಸರುಗಳೆಲ್ಲ ಮರಳಿ ಬಂದಿದ್ದವು, ಹೊಸವೂ ಸೇರಿದ್ದವು. ಬೆಳಗಿನಿಂದ ನಾನು ಕೂತದ್ದೇ ಇಲ್ಲ. ಒಂದು ದಿಬ್ಬಣದ ಟೆಂಪೋ ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಕೇಳಿ ಇನ್ನೊಂದನ್ನು ಕಳಿಸಿದೆ. ಒಬ್ಬ ವರನ ಬಾಸಿಂಗವನ್ನು ಆಡು ತಿಂದಿತ್ತು, ಇನ್ನೊಂದನ್ನು ತರಿಸಿದೆ. ಅಡುಗೆಯ ಕಡೆ ಅವ್ವ ಸೆರಗು ಸಿಕ್ಕಿಸಿಕೊಂಡು ದಂಡನಾಯಕಿಯಂತೆ ನಿಂತಿದ್ದಳು. ಹುನಗುಂದದ ಪರಿಚಿತರು, ಗುರುತಿಲ್ಲದ ಹತ್ತು ಊರಿನ ಬೀಗರು, ಯಾರು ಬಂದರೂ ಕೈ ಹಿಡಿದು, ‘ಬರ್ರಿ, ನಮ್ಮ ಮಗನ ಮದುವಿ, ಉಂಡಽ ಹೋಗಬೇಕು’ ಎನ್ನುತ್ತಿದ್ದಳು. ನಡುವೆ ಮಹಾಂತೇಶ ಯಾವಾಗಲೋ ಚೀಟಿ ಎತ್ತಿ ಜೋಡಿಗಳಿಗೆ ನಂಬರು ಹಚ್ಚಿ, ವಧುಗಳನ್ನೂ ವರರನ್ನೂ ಮಂಟಪದಲ್ಲಿ ಸಾಲಾಗಿ ಕೂರಿಸಿದ್ದ. ನಾನು ಬಂದು ಮೈಕು ಹಿಡಿದು, ಮಂಟಪಕ್ಕೆ ಬೆನ್ನು ಕೊಟ್ಟು, ಜನರ ಕಡೆ ಮುಖ ಮಾಡಿ ನಿಂತೆ.

ಅಷ್ಟರಲ್ಲಿ ಹಿಂದಿನಿಂದ ಯಾರೋ, ‘ಹನ್ನೊಂದನೇ ಜೋಡಿ ವರ ಇಲ್ರಿ’ ಎಂದರು. ಇಷ್ಟೆಲ್ಲ ಆಗಿ ಒಬ್ಬ ಹುಡುಗಿ ಹಸೆಯ ಮೇಲೆ ಒಬ್ಬಳೇ ಕೂತಿದ್ದಾಳಲ್ಲ! ಮೈಕಿನಲ್ಲಿ, ‘ಹನ್ನೊಂದನೆಯ ಜೋಡಿಯ ವರ ಎಲ್ಲಿದ್ದರೂ ಕೂಡಲೇ ಮಂಟಪಕ್ಕೆ ಬರಬೇಕು’ ಎಂದೆ. ಕೋರ್ಟಿನ ರೂಢಿಯಂತೆ ಮೂರು ಸಲ ಕೂಗಿದೆ. ಯಾರೂ ಬರಲಿಲ್ಲ. ಸಿಟ್ಟು ನೆತ್ತಿಗೇರಿತು. ‘ಬಂಧುಗಳೇ, ಇಂಥ ಬೇಜವಾಬ್ದಾರಿ ಮನುಷ್ಯರಿಂದಲೇ ಸಾರ್ವಜನಿಕ ಕೆಲಸಗಳು ಹಾಳಾಗುವುದು! ಮುಹೂರ್ತ ಹತ್ತಿರ ಬಂದಿದೆ, ಈ ಮಹಾಶಯ ಎಲ್ಲೋ ಚಹಾ ಕುಡಿಯುತ್ತಿದ್ದಾನೆ. ಇಂಥವನಿಗೆ ಹೆಣ್ಣು ಕೊಟ್ಟ ಮಾವನಾದರೂ ಯಾರು? ಅವರೇ ಎದ್ದು ನಿಲ್ಲಲಿ!’

ಮುಂದಿನ ಸಾಲಿನಲ್ಲಿ ವಿರೂಪಾಕ್ಷಪ್ಪನವರು ನಿಧಾನವಾಗಿ ಎದ್ದು ನಿಂತರು.

‘ನೀವು ಕೂಡ್ರಿ ಮಾವಾರ,’ ಎಂದೆ ಮೈಕಿನಲ್ಲೇ, ‘ನಿಮ್ಮನ್ನಲ್ಲ ಕೇಳಿದ್ದು.’

ಅವರು ಕೂರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನನ್ನ ಬೆನ್ನ ಹಿಂದೆ ಬಳೆಗಳ ಸದ್ದಾಯಿತು. ಹಸೆಯಿಂದ ಎದ್ದು ಬಂದ ಸುವರ್ಣಾ, ಬಾಸಿಂಗ ಕಟ್ಟಿಕೊಂಡೇ, ನನಗಷ್ಟೇ ಕೇಳಲಿ ಎಂದು ಮೆಲ್ಲಗೆ ಹೇಳಿದಳು. ಮೈಕು ನನ್ನ ಕೈಯಲ್ಲೇ ಇದ್ದದ್ದರಿಂದ ಇಳಕಲ್ಲಿನ ಅರ್ಧ ಊರಿಗೆ ಕೇಳಿಸಿತು: ‘ಹನ್ನೊಂದನೇದು ನಾವಽ ಅದೇವ್ರಿ. ಬರ್ರಿ, ಹೊತ್ತಾತು.’

ಆಮೇಲೆ ಆದದ್ದು ನಗುವೋ ಗುಡುಗೋ ನನಗೆ ಗೊತ್ತಿಲ್ಲ. ಮಹಾಂತೇಶ ನನ್ನ ಅಂಗಿಯ ಮೇಲೆಯೇ ಶಲ್ಯ ಹೊದಿಸಿದ, ಯಾರೋ ಬಾಸಿಂಗ ಕಟ್ಟಿದರು. ಅವ್ವ ಅಕ್ಷತೆ ಹಾಕಲು ಅಡುಗೆಯ ಸೌಟು ಹಿಡಿದುಕೊಂಡೇ ಓಡಿ ಬಂದಳು. ಪಕ್ಕದ ಹಸೆಯಲ್ಲಿ ಒಬ್ಬ ಹುಡುಗಿ ತಾನು ವಧು ಎಂಬುದನ್ನೂ ಮರೆತು, ತಲೆ ಎತ್ತಿ, ಬಾಯಿತುಂಬ ನಗುತ್ತಿದ್ದಳು. ಅವಳೇ ರೇಣುಕಾ ಎಂದು ಸುವರ್ಣಾ ಕಿವಿಯಲ್ಲಿ ಹೇಳಿದಳು. ಆ ನಗುವನ್ನು ನೋಡಿ ನನ್ನ ಮಾನ ಹೋದದ್ದಕ್ಕೆ ನನಗೆ ಕಿಂಚಿತ್ತೂ ಬೇಸರವಾಗಲಿಲ್ಲ. ಇಡೀ ಹಂದರವೇ ನನ್ನೊಬ್ಬನನ್ನು ನೋಡಿ ನಗುತ್ತಿರುವಾಗ, ಯಾರ ಮನೆಯವರು ಬಡವರು ಎಂದು ನೋಡಲು ಅಲ್ಲಿ ಯಾರಿಗೂ ಪುರಸೊತ್ತು ಇರಲಿಲ್ಲ.

ಮರುವರ್ಷ ನಾವು ಯಾರ ಮನೆಗೂ ಹೋಗಿ ಬೇಡಬೇಕಾಗಲಿಲ್ಲ. ಜನರೇ ಮಹಾಂತೇಶನ ಬೂತಿನ ಮುಂದೆ ಬಂದು ನಿಂತರು, ಹಂದರ ಸಾಲದಾಯಿತು. ಭಾಷಣ ಇನ್ನೂ ಒಂದೂ ಮಾಡದೆ ಇಷ್ಟು ಜನ ಹೇಗೆ ಬಂದರು ಎಂದು ನಾನು ಸಾಲಿನಲ್ಲಿದ್ದ ಒಬ್ಬ ಹಿರಿಯರನ್ನು ಕೇಳಿದೆ. ‘ಹೋದ ವರ್ಷ ಭಾಳ ಛಲೋ ಆತಂತ್ರಿ. ಊಟಾನೂ ಛಲೋ, ನಗೂದೂ ಛಲೋ,’ ಎಂದು ಅವರು ನನ್ನ ಗುರುತು ಹಿಡಿಯದೆ ಹತ್ತಿರ ಬಂದು ಕೇಳಿದರು, ‘ಈ ವರ್ಷಾನೂ ಆ ಹುಚ್ಚ ವಕೀಲ ಬರ್ತಾನಲ್ಲರಿ?’