ಅಮ್ಮನ ಹೆಸರಿನ ವಿಮಾನ

ನಮ್ಮ ಮನೆಯಲ್ಲಿ ನನ್ನ ಹೆಸರಿನಲ್ಲಿರುವ ವಾಹನ ಒಂದೇ, ಹಳೆಯ ಮೊಪೆಡ್ಡು. ಸೈಕಲ್ಲಿನಿಂದ ಸ್ಕೂಟರಿನವರೆಗೆ ಚಲಿಸುವ ಯಾವುದನ್ನು ಕೊಂಡರೂ ಅಮ್ಮನ ಹೆಸರಿಗೇ ಕೊಳ್ಳುವುದು ನಮ್ಮ ಪದ್ಧತಿ. ಅಮ್ಮನ ಕೈಗುಣ ಅಂಥದ್ದು. ಆ ಮೊಪೆಡ್ಡಿನ ವಿಷಯದಲ್ಲಿ ಮಾತ್ರ ಪದ್ಧತಿ ಮುರಿದೆ. ಶಿರಾ ರಸ್ತೆಯಲ್ಲಿ ಅದು ನನ್ನನ್ನು ಹೊತ್ತದ್ದಕ್ಕಿಂತ ನಾನು ಅದನ್ನು ತಳ್ಳಿದ್ದೇ ಹೆಚ್ಚು.

ಹಾಗಾಗಿ, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಬೇಕೆಂದು ನನ್ನ ಹೆಂಡತಿ ಗಿರಿಜಾ ಕೇಳಿದಾಗ, ಅದನ್ನು ತರಿಸಿದ ನಾನು ಲೈಸೆನ್ಸಿನಲ್ಲಿ ಕಣ್ಣುಮುಚ್ಚಿ ಅಮ್ಮನ ಹೆಸರು ತುಂಬಿದೆ. ವಿಮಾನವೂ ಚಲಿಸುತ್ತದಲ್ಲ! ಪೂಜೆಯೂ ಆಯಿತು. ಚಕ್ರವಿಲ್ಲದ್ದರಿಂದ ನಿಂಬೆಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಮೌಸಿನ ಪಕ್ಕದಲ್ಲಿಟ್ಟೆ.

ಗಿರಿಜಾ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನಮ್ಮ ಮಧುಗಿರಿ ಬೆಟ್ಟ, ಪಾವಗಡದ ಸೋಲಾರ್ ಫಲಕಗಳು, ಗೊರವನಹಳ್ಳಿಯ ಗುಡಿ ಎಲ್ಲವೂ ವಿಮಾನದ ಕೆಳಗೆ ಕಾಣುವಂತೆ ತಿಂಗಳುಗಟ್ಟಲೆ ಕೂತು ಕಂಪ್ಯೂಟರಿನಲ್ಲಿ ಕಟ್ಟಿಟ್ಟಿದ್ದಳು. ತಾನು ಕಟ್ಟಿದ ಬೆಟ್ಟದ ಮೇಲೆ ತಾನೇ ಹಾರಬೇಕು, ಅವಳಿಗೆ ಇದ್ದದ್ದು ಇದೊಂದೇ ಆಸೆ. ಲೈಸೆನ್ಸಿನ ಷರತ್ತುಗಳನ್ನು ಕೊನೆಯ ಸಾಲಿನವರೆಗೂ ಓದುವ ಮಹಾತಾಯಿ ಬೇರೆ.

“ರೀ, ಇದು ಮನೆ ಬಳಕೆಯ ಲೈಸೆನ್ಸು. ಹೆಸರಿರೋರು ಒಬ್ಬರೇ ಹಾರಿಸಬೇಕಂತೆ. ಹೆಸರು ಬದಲಾಯಿಸೋ ಹಾಗೂ ಇಲ್ಲ.”

“ಯಾರು ನೋಡ್ತಾರೆ ಬಿಡೇ!”

“ನಾನು ನೋಡ್ತೀನಲ್ಲ” ಎಂದಳು. ಮುಖ ಬಾಡಿಹೋಗಿತ್ತು.

ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಅದ್ಕ್ಯಾಕೆ ಮೊಕ ಸಣ್ಣಗ್ ಮಾಡ್ಕಂಡಿದ್ದೀಯ? ನನ್ನೆಸ್ರಲ್ಲೈತೆ ಅಂದ್ಮ್ಯಾಕೆ ನಾನೇ ಓಡುಸ್ತೀನಿ. ಹೆಂಗೆ ಅಂತ ಪಕ್ಕದಾಗೆ ಕುಂತು ಹೇಳ್ಕೊಡು ಕಣಮ್ಮ.”

ಮೊದಲ ದಿನ ವಿಮಾನ ನೇರ ಬಂಡೆಗೆ ಹೊರಟಿತು. “ಅತ್ತೆ, ಬೆಟ್ಟ! ಬೆಟ್ಟ!” ಎಂದು ಗಿರಿಜಾ ಕಿರುಚಿದಳು. “ಇರ್ಲಿ ಬುಡು, ನೀನ್ ಮಾಡಿದ್ದೇ ಅಲ್ವಾ, ಇನ್ನೊಂದ್ ಮಾಡೀಯಂತೆ” ಎಂದು ಅಮ್ಮ ನೆಟ್ಟಗೆ ಗುದ್ದಿದಳು. ಆದರೆ ಹಬ್ಬದ ಹೊತ್ತಿಗೆ ನೋಡಬೇಕಿತ್ತು! ಬೆಟ್ಟವನ್ನು ಪ್ರದಕ್ಷಿಣೆ ಹಾಕಿ, ತವರೂರು ಪುರವರದ ಕೆರೆ ಅಂಗಳದಲ್ಲಿ ಹೂವಿನಂತೆ ಇಳಿಸುತ್ತಿದ್ದಳು. ನಾನಂತೂ ಹೆಮ್ಮೆಯಿಂದ ಬೀದಿಗೆಲ್ಲ ಹೇಳಿಕೊಂಡು ಬಂದೆ.

ಗಿರಿಜಾ ಸುಮ್ಮನಿರಲಿಲ್ಲ. ಕಂಪನಿಗೆ ಬರೆದು ಕೇಳಿದಳು. ಊರು, ಬೆಟ್ಟ ಕಟ್ಟಿಕೊಡುವ ಡೆವಲಪರುಗಳಿಗೆ ಬೇರೆಯದೇ ಲೈಸೆನ್ಸು ಉಂಟು ಎಂದು ಉತ್ತರ ಬಂತು. ತನ್ನ ಹೆಸರಿನಲ್ಲೇ ಪಡೆದಳು. ಅದಕ್ಕೂ ಒಂದು ಷರತ್ತು: ಕೆಲಸದ ಪರೀಕ್ಷೆಗೆ ಮಾತ್ರ ಹಾರಿಸಬೇಕು, ಮನರಂಜನೆಗಲ್ಲ. ಅಂತೂ ಒಂದು ಭಾನುವಾರ ತನ್ನ ಬೆಟ್ಟದ ನೆತ್ತಿಯ ಮೇಲೆ ಹಾರಿದಳು, ತುಟಿ ಬಿಗಿದುಕೊಂಡು.

“ಖುಷಿ ಆಯ್ತೇನೇ?”

“ಖುಷಿ ಪಡೋ ಹಾಗಿಲ್ಲ ರೀ” ಎಂದಳು. ಕಣ್ಣಲ್ಲಿ ನೀರಿತ್ತು. ಇಂಥವಳನ್ನು ಕಟ್ಟಿಕೊಂಡ ನಾನೇ ಪುಣ್ಯವಂತ ಎನಿಸಿತು.

ಆ ಹುಮ್ಮಸ್ಸಿನಲ್ಲಿ ನಾನೂ ಮೆಲ್ಲಗೆ ಜಾಯ್‌ಸ್ಟಿಕ್ಕಿಗೆ ಕೈಹಾಕಿದೆ.

“ಲೇ, ಮುಟ್ಬ್ಯಾಡ ಕಣ್ಲಾ!” ಎಂದಳು ಅಮ್ಮ. “ನಿನ್ನೆಸ್ರಲ್ಲಿ ಒಂದೈತಲ್ಲ, ಅದುನ್ನ ಓಡ್ಸೋಗು.”

ಗಿರಿಜಾ ಕಡೆ ನೋಡಿದೆ. ಅವಳು ಷರತ್ತಿನ ಕಡೆ ನೋಡಿದಳು. ನಾನು ಎದ್ದುಹೋಗಿ, ಮೊಪೆಡ್ಡನ್ನು ಬಸ್ ಸ್ಟ್ಯಾಂಡಿನವರೆಗೆ ತಳ್ಳಿಕೊಂಡು ಹೋಗಿ ಬಂದೆ.