ಅಂಜೂರದ ಮರಕ್ಕೆ ಹರಳೆಲೆ

ಗಂಗಾಧರಸ್ವಾಮಿ ಕಳೆದ ಗುರುವಾರ ಬೆಳಗ್ಗೆ ಗುಂಡ್ಲುಪೇಟೆಯ ತನ್ನ ಮನೆಯಲ್ಲಿ ತೀರಿಕೊಂಡ. ಹೃದಯಾಘಾತ. ಅರವತ್ತೆರಡು ವರ್ಷ. ಹರವೆ ಹೈಸ್ಕೂಲಿನ ದಿನಗಳಿಂದ ನನ್ನ ಗೆಳೆಯ. ಮಣ್ಣಿಗೆ ಬಂದವರೆಲ್ಲ ಅವನ ಒಳ್ಳೆಯತನದ ಬಗ್ಗೆ ಮಾತಾಡಿದರು. ನನ್ನ ಬಳಿ ಇದ್ದದ್ದು ಒಂದು ಅಂಜೂರದ ಕಥೆ ಮಾತ್ರ. ಅಲ್ಲಿ ಹೇಳಿದ್ದರೆ ನಗು ಬಂದುಬಿಡುತ್ತಿತ್ತು. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಎರಡು ತಿಂಗಳ ಹಿಂದೆ ಅವನ ಹಿತ್ತಲಿಗೆ ಬೋರ್‌ವೆಲ್ ಲಾರಿ ಬರಬೇಕಿತ್ತು. ದಾರಿಗೆ ಅಡ್ಡ ನಿಂತಿತ್ತು, ಅವನೇ ಕಡ್ಡಿ ನೆಟ್ಟು ಆರು ವರ್ಷ ಸಾಕಿದ ಅಂಜೂರ. "ಕಡಿಸಿ ಬಿಸಾಕಿ ಸಾರ್" ಎಂದ ಬೋರಿನವನ ಜೊತೆ ಗಂಗ ಎರಡು ದಿನ ಮಾತು ಬಿಟ್ಟಿದ್ದ! ನಾನು ಎದೆ ತಟ್ಟಿಕೊಂಡೆ.

"ಚಾಮರಾಜನಗರಕ್ಕೆ ಕಳ್ಸು ಕಣ್ಲಾ! ನಮ್ಮ ಹಿತ್ತಲಲ್ಲಿ ಬದುಕಿಸಿ, ನಿನಗೇ ಹಣ್ಣು ತಿನ್ನಿಸ್ತೀನಿ!"

"ನೀನು ಮನೀಪ್ಲಾಂಟೇ ಸಾಯ್ಸಿದವ್ನು ಕಣ್ಲಾ."

"ಅದು ಆತ್ಮಹತ್ಯೆ!"

ಬೇರಿಗೆ ಮಣ್ಣಿನ ಮುದ್ದೆ, ಮುದ್ದೆಗೆ ಗೋಣಿಚೀಲ ಸುತ್ತಿಸಿಕೊಂಡು ಅಂಜೂರ ಲಗೇಜ್ ಆಟೋದಲ್ಲಿ ಮಹಾರಾಣಿಯಂತೆ ಬಂದಿಳಿಯಿತು. ಗಂಗನ ಅಪ್ಪಣೆ ಒಂದೇ: ನಾಲ್ಕು ದಿನಕ್ಕೊಮ್ಮೆ ನೀರು. ನನಗದು ಕ್ರೌರ್ಯ ಎನಿಸಿತು! ದಿನಕ್ಕೆ ನಾಲ್ಕು ಸಲ ಹಾಕಿದೆ. ಬಲ ಬರಲೆಂದು ಎರಡು ಹಿಡಿ ಯೂರಿಯಾ ಕೊಟ್ಟೆ.

"ರೀ, ಮರ ನೆಟ್ಟಿದ್ದೀರೋ, ಭತ್ತ ನಾಟಿ ಮಾಡಿದ್ದೀರೋ?" ಎಂದಳು ನನ್ನ ಹೆಂಡತಿ ಶಶಿರೇಖಾ, ಕೆಸರಲ್ಲಿ ಸಿಕ್ಕ ಚಪ್ಪಲಿ ಕೀಳುತ್ತಾ.

ಎಂಟನೇ ದಿನ ಎಲೆ ಹಳದಿಯಾಯಿತು. ಹದಿನೈದನೇ ದಿನ ಮರದ ಮೇಲೆ ಒಂದೆಲೆಯೂ ಇಲ್ಲ! ಆ ಹೊತ್ತಿಗೇ ಗಂಗನ ಫೋನು.

"ಎಂಗದೆ ನಮ್ ಮರ?"

"ದಟ್ಟ ನೆರಳು ಕಣ್ಲಾ! ಕೆಳಗೆ ಕೂತು ಪೇಪರ್ ಓದ್ತಾ ಇದ್ದೀನಿ!"

"ಅಂಗಾ? ಸಂಜೆ ವಿಡಿಯೋ ಕಾಲ್ ಮಾಡ್ತೀನಿ, ತೋರ್ಸು."

ಇದ್ದದ್ದು ಮೂರು ಗಂಟೆ. ಬೇಲಿಯಲ್ಲಿ ಹರಳುಗಿಡವಿತ್ತು. ಅದರ ಎಲೆಯೂ ಬೆರಳು ಬೆರಳಾಗಿಯೇ ಇರುತ್ತದಲ್ಲ! ಮೂವತ್ತು ಎಲೆ ಕಿತ್ತು, ಒಂದೊಂದನ್ನೂ ಅಂಜೂರದ ಕೊಂಬೆಗೆ ಹಸಿರು ದಾರದಿಂದ ಕಟ್ಟಿದೆ.

"ರೀ, ನನ್ನ ಸೀರೆ ಫಾಲ್ ಹೊಲಿಯೋ ದಾರ ಎಲ್ಲಿ?"

"ಚಿಕಿತ್ಸೆಗೆ ಹೋಗಿದೆ!"

ಸಂಜೆ ಗಂಗ ಫೋನಿನ ಪರದೆಯಲ್ಲಿ ಬಹಳ ಹೊತ್ತು ನೋಡಿದ.

"ಶಿವಶಂಕ್ರ, ಎಲ್ಲಾ ಮರದ ಎಲೆನೂ ಸೂರ್ಯನ ಕಡೆ ನೋಡ್ತವೆ. ಇವೇನ್ಲಾ ಎಲ್ಲಾ ನಿನ್ ಫೋನ್ ಕಡೆಗೇ ನೋಡ್ತಾವೆ?"

ಮರುದಿನ ಮೊದಲ ಬಸ್ಸಿಗೇ ಬಂದಿಳಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಮೂವತ್ತು ಗಂಟನ್ನೂ ಒಂದೊಂದಾಗಿ ಬಿಚ್ಚಿ, ದಾರ ಸುತ್ತಿ ಶಶಿರೇಖಾ ಕೈಗೆ ಕೊಟ್ಟ. ಆಮೇಲೆ ಹೆಬ್ಬೆರಳ ಉಗುರಿನಿಂದ ಕೊಂಬೆಯ ತೊಗಟೆ ಕೆರೆದ.

"ಒಳ್ಗೆ ಹಸ್ರದೆ. ಜೀವ ಅದೆ."

ಕೊಂಬೆಗಳನ್ನು ಮೊಟಕಾಗಿ ಸವರಿದ. ನೀರು ನಿಲ್ಲದಂತೆ ಕಾಲುವೆ ತೆಗೆದ. ಬಿಸಿಲಿಗೆ ಹಳೇ ಪಂಚೆ ಅಡ್ಡ ಕಟ್ಟಿದ.

"ಅಣ್ಣ, ಇನ್ನು ಇವರೇನು ಮಾಡಬೇಕು?" ಎಂದಳು ಶಶಿರೇಖಾ.

"ಏನೂ ಮಾಡಬಾರ್ದು ಕಣಮ್ಮ. ನೀರು ನೀನು ಹಾಕು. ಏನೂ ಮಾಡ್ದೆ ಇರೋದೇ ಇವನ ಕೆಲ್ಸ."

ಜೀವಮಾನದಲ್ಲಿ ನನಗೆ ಒಪ್ಪಿಸಲಾದ ಅತಿ ಕಷ್ಟದ ಹುದ್ದೆ! ದಿನಾ ಕೈ ಹಿಂದೆ ಕಟ್ಟಿಕೊಂಡು ಮರದ ಸುತ್ತ ಪ್ರದಕ್ಷಿಣೆ ಹಾಕಿದೆ. ನಾಲ್ಕು ವಾರ ಕಳೆಯಿತು. ಕಳೆದ ಬುಧವಾರ ಸಂಜೆ ನೋಡುತ್ತೇನೆ, ಕೊಂಬೆಯ ತುದಿಯಲ್ಲಿ ಒಂದು ಎಲೆ! ಬೆರಳು ಬಿಚ್ಚಿದ, ಪುಟ್ಟ, ಅಪ್ಪಟ ಅಂಜೂರದ ಎಲೆ! ತಕ್ಷಣ ವಿಡಿಯೋ ಕಾಲ್ ಮಾಡಿದೆ.

"ಬಂತು ಕಣ್ಲಾ! ಎಲೆ ಬಂತು!"

"ದಾರ ಯಾವ್ ಬಣ್ಣದ್ದು?"

"ದಾರ ಇಲ್ವೋ!"

"ಓಹೋ, ಈ ಸಲ ಗೋಂದಾ?"

"ನಿನ್ನಾಣೆ, ನಿಜವಾದ ಎಲೆ!"

"ನನ್ ಆಣೆ ಬ್ಯಾಡ. ಎಳ್ದು ತೋರ್ಸು."

ಎಳೆದೆ. ಕೈಗೇ ಬಂತು! ಕಿತ್ತ ಜಾಗದಲ್ಲಿ ಬೆಳ್ಳಗೆ ಒಂದು ತೊಟ್ಟು ಹಾಲು ಉಬ್ಬಿತು.

"ನೋಡು, ಹಾಲು! ನೋಡ್ಲಾ, ನಿಜ!" ಎಂದು ಎಲೆ ಎತ್ತಿ ಹಿಡಿದು ಕುಣಿದೆ.

ಆ ಕಡೆ ಗಂಗ ನಕ್ಕ. ಕೆಮ್ಮು ಬರುವವರೆಗೂ, ಕಣ್ಣೊರೆಸಿಕೊಳ್ಳುವವರೆಗೂ ನಕ್ಕ.

"ಇದ್ದ ಒಂದನ್ನೂ ಕಿತ್ಬುಟ್ಟಲ್ಲೋ! ಪಕ್ಕದಲ್ಲಿ ಇನ್ನೆರಡು ಚಿಗುರವೆ, ಕೈ ತಗಿ ಅತ್ಲಾಗಿ!"

ಫೋನಿಟ್ಟ ಹತ್ತು ನಿಮಿಷಕ್ಕೆ, ನಮ್ಮ ಹರವೆ ಹೈಸ್ಕೂಲ್ ವಾಟ್ಸಾಪ್ ಗುಂಪಿಗೆ ಅವನು ಒಂದು ಫೋಟೋ ಹಾಕಿದ. ಕರೆಯ ನಡುವೆಯೇ ಹಿಡಿದುಕೊಂಡಿದ್ದ ನನ್ನದೇ ಚಿತ್ರ: ಕೈಯಲ್ಲಿ ಕಿತ್ತ ಎಲೆ, ಬಾಯಿ ಗುಡಿಸಲ ಬಾಗಿಲಷ್ಟು ತೆರೆದಿದೆ. ಅದರ ಕೆಳಗೆ ಬರೆದಿದ್ದ. ಅವನು ಬರೆದ ಕೊನೆಯ ಸಾಲು ಅದೇ:

"ಮರ ಬದುಕ್ತು. ಇವುನ್ನ ಅದ್ರ ಹತ್ರ ಬುಡಬ್ಯಾಡಿ."