ಸಮುರಾಯಿ ಎತ್ತಿನ ಬೆನ್ನ ಮೇಲಿನ ಸುಳಿ

ಇಡೀ ಶಹಾಪುರ ತಾಲೂಕಿನಲ್ಲಿ ಜಪಾನಿನ ಸಮುರಾಯಿ ಯೋಧರ ಬಗ್ಗೆ ಅಧಿಕಾರದಿಂದ ಮಾತನಾಡಬಲ್ಲ ವ್ಯಕ್ತಿ ಒಬ್ಬನೇ ಇದ್ದಾನೆ. ಆ ವ್ಯಕ್ತಿ ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಸ್ಥಾನಕ್ಕೆ ಬೇರೆ ಯಾರೂ ಅರ್ಜಿ ಹಾಕಿಲ್ಲ, ಅಷ್ಟೇ!

ನಾನು ಶಹಾಪುರದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಒಮ್ಮೆ ಯಾದಗಿರಿ ಸ್ಟೇಷನ್ನಿನ ಎದುರಿನ ರದ್ದಿ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಚಿತ್ರಕಥೆಯ ಪುಸ್ತಕ ಸಿಕ್ಕಿತು. ರೈಲಿನಲ್ಲಿ ಯಾರೋ ಬಿಟ್ಟುಹೋದದ್ದಿರಬೇಕು. ಕಥಾನಾಯಕ ಒಂದು ಮುಂಗುಸಿ. ಮೈತುಂಬ ನಿಲುವಂಗಿ, ಸೊಂಟದಲ್ಲಿ ಎರಡು ಕತ್ತಿ, ತಲೆಯ ಮೇಲೆ ಬಿದಿರಿನ ಟೋಪಿ. ಒಡೆಯನನ್ನು ಕಳೆದುಕೊಂಡು ಊರೂರು ಅಲೆಯುವ ಸಮುರಾಯಿ.

ಈ ಮುಂಗುಸಿಯ ರೀತಿಯೇ ಬೇರೆ. ಹೊಡೆದಾಡುವ ಮೊದಲು ಎದುರಾಳಿಗೆ ಬಗ್ಗಿ ನಮಸ್ಕಾರ ಮಾಡುತ್ತಾನೆ. ಹೊಡೆದಾಟ ಮುಗಿದ ಮೇಲೂ ನಮಸ್ಕಾರ ಮಾಡುತ್ತಾನೆ, ಅಷ್ಟರಲ್ಲಿ ಎದುರಾಳಿಗೆ ತಲೆ ಇಲ್ಲದಿದ್ದರೂ! ಒಂದು ಹೊತ್ತು ಅನ್ನ ಹಾಕಿದ ಮುದುಕಿಗಾಗಿ ಹಂದಿಗಳ ದಂಡಿನ ಎದುರು ಒಬ್ಬನೇ ನಿಲ್ಲುತ್ತಾನೆ. ಮನುಷ್ಯರ ಕಥೆಯಾಗಿದ್ದರೆ ನಾಯಕ ಬಂದ ಕೂಡಲೇ ಯಾವ ಊರು, ಯಾವ ಮಂದಿ, ಯಾರ ಪೈಕಿ ಎಂದು ವಿಚಾರಣೆ ಶುರುವಾಗುತ್ತಿತ್ತು. ಮುಂಗುಸಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ಒಳ್ಳೆಯವನೋ ಅಲ್ಲವೋ, ಅಷ್ಟೇ ಲೆಕ್ಕ. ನನಗೆ ಅದು ಬಹಳ ಹಿಡಿಸಿತು.

ಇನ್ನೊಂದು ಕಾರಣವೂ ಇತ್ತು. ಆ ಮುಂಗುಸಿ ನಡೆಯುತ್ತಿದ್ದದ್ದು ಭತ್ತದ ಗದ್ದೆಯ ಬದುವಿನ ಮೇಲೆ. ಕಾಲುವೆ ಬರುವ ಮೊದಲು ನಮ್ಮ ಕಡೆ ಜೋಳ, ತೊಗರಿ ಬಿಟ್ಟರೆ ಬೇರೆ ಮಾತಿರಲಿಲ್ಲ. ನೀರು ಬಂದ ಮೇಲೆ ಎಲ್ಲಿ ನೋಡಿದರೂ ಭತ್ತ, ಕೆಸರು, ಬೆಳ್ಳಕ್ಕಿ. ನಮ್ಮ ಮನೆಯ ಕಿಟಕಿಯಿಂದ ನೋಡಿದರೆ ಪುಸ್ತಕದ ಹನ್ನೆರಡನೆಯ ಪುಟ! ಕಾಲುವೆಯ ಜೊತೆ ಜಪಾನು ಕೂಡ ನಮ್ಮೂರಿಗೆ ಬಂದಿತ್ತು. ಗಮನಿಸಿದವನು ನಾನೊಬ್ಬನೇ.

"ಮುಂಗಸಿ ಕತ್ತಿ ಹಿಡಕೊಂಡು ಏನ್ ಮಾಡ್ತದ್ರಿ?" ಎಂದು ನನ್ನ ಹೆಂಡತಿ ಸುವರ್ಣಾ ಕೇಳಿದಳು.

"ಬಡವರಿಗೆ ನ್ಯಾಯ ಕೊಡಸ್ತದ."

"ಹಂಗಿದ್ರ ಮೊನ್ನಿ ನಮ್ಮ ಎರಡು ಕೋಳಿಮರಿ ಒಯ್ದದ್ದು ಯಾವ ನ್ಯಾಯ, ಅದನ್ನ ಕೇಳ್ರಿ!"

ಇಂಥ ಮನೆಯಲ್ಲಿ ಕಲೆ ಬೆಳೆಯಬೇಕು.

ಪುಸ್ತಕಕ್ಕೆ ಕೊನೆಯ ಪುಟಗಳಿರಲಿಲ್ಲ. ರದ್ದಿಯವನು ಅವುಗಳನ್ನು ಹರಿದು ಯಾರಿಗೋ ಶೇಂಗಾ ಕಟ್ಟಿ ಕೊಟ್ಟಿದ್ದ. ಮುಂಗುಸಿ ಗೆದ್ದನೋ ಸತ್ತನೋ ತಿಳಿಯದೆ ಒಂದು ವರ್ಷ ಒದ್ದಾಡಿದೆ. ಆಮೇಲೆ ನಾನೇ ಒಂದು ಚಿತ್ರಕಥೆ ಬರೆಯಲು ನಿರ್ಧರಿಸಿದೆ: ನಮ್ಮ ನೆಲದ ಸಮುರಾಯಿ, ಕಾಲುವೆಯ ತೂಬು ಕಾಯುವ ವೀರ, ಒಂದು ಎತ್ತು!

ಮಾದರಿ ಪಕ್ಕದ ಮನೆಯಲ್ಲೇ ಕಟ್ಟಿತ್ತು. ಅದು ಭೀಮಣ್ಣನ ಎತ್ತು, ಹೆಸರು ಸರದಾರ. ಬೆಳ್ಳಗಿನ ಮೈ, ಬೆನ್ನ ಮೇಲೆ ಗುಡ್ಡದಂತೆ ಎದ್ದ ಹಿಣಿಲು, ಬಿಲ್ಲಿನಂಥ ಕೊಂಬು. ಸರದಾರನ ಜೋಡಿ ಎತ್ತು ಹಿಂದಿನ ವರ್ಷ ಸತ್ತುಹೋಗಿತ್ತು. ಭೀಮಣ್ಣನ ಗದ್ದೆಯ ಕೆಸರಿಗೆ ಈಗ ಟ್ರ್ಯಾಕ್ಟರ್ ಇಳಿಯುತ್ತಿತ್ತು. ಒಂಟಿ ಎತ್ತಿಗೆ ಕೆಲಸವಿಲ್ಲ. ದನದ ಬಜಾರಕ್ಕೆ ಹೊಡೆದುಕೊಂಡು ಹೋದರೆ ಯಾರ ಕೈಗೆ ಹೋಗುತ್ತದೋ ಎಂಬ ಹೆದರಿಕೆಗೆ ಭೀಮಣ್ಣ ಅದನ್ನು ಮಾರಿರಲಿಲ್ಲ. ಅಷ್ಟರಲ್ಲಿ ಕೆಂಭಾವಿಯ ಸಂಗಪ್ಪ ಕಾಕಾನ ಮನೆಯಲ್ಲಿಯೂ ಒಂದು ಎತ್ತು ಜೋಡಿ ಇಲ್ಲದೆ ನಿಂತಿದೆ ಎಂದು ಸುದ್ದಿ ಬಂತು. ಸಂಗಪ್ಪ ಕಾಕಾ ಎತ್ತುಗಳನ್ನು ಮಕ್ಕಳಂತೆ ಸಾಕುವ ಮನುಷ್ಯ. ಭೀಮಣ್ಣ ಅವರನ್ನು ಕರೆತರಲು ಹೊರಟ.

"ಮಾಸ್ತರ್ರಿ, ಎರಡು ದಿನ ಸರದಾರನ ಕಡಿ ಜರಾ ನೋಡ್ರಿ. ಅವನಿಗೊಂದು ಚಲೋ ಮನಿ ಸಿಕ್ರ ನಾ ಸಮಾಧಾನದಿಂದ ನಿದ್ದಿ ಮಾಡ್ತೀನಿ" ಎಂದ. ಹೇಳುತ್ತಾ ಸರದಾರನ ಕೊರಳು ಸವರಿದ.

"ನನ್ನ ಮ್ಯಾಲ ಬಿಡು ಭೀಮಣ್ಣ" ಎಂದೆ. ಬಿಟ್ಟ!

ಎರಡು ದಿನ ಮಾದರಿ ನನ್ನ ಸ್ವಾಧೀನದಲ್ಲಿ! ಭೀಮಣ್ಣನ ದನದ ಕೊಟ್ಟಿಗೆಯ ಎದುರಿಗಿರುವ ನಮ್ಮ ಮನೆಯ ಗೋಡೆಯ ಮೇಲೆ ಸಮುರಾಯಿ ಎತ್ತನ್ನು ಆಳೆತ್ತರಕ್ಕೆ ಬರೆಯಲು ನಿಂತೆ. ಗೋಡೆಗೆ ಸುಣ್ಣ ಹಚ್ಚಿ ಆರು ತಿಂಗಳಾಗಿಲ್ಲ ಎಂದು ಸುವರ್ಣಾ ಪ್ರತಿಭಟಿಸಿದಳು. ಇತಿಹಾಸ ಸುಣ್ಣವನ್ನು ಗಮನಿಸುವುದಿಲ್ಲ ಎಂದು ಉತ್ತರಿಸಿದೆ.

ಒಂದೇ ಒಂದು ತೊಡಕಿತ್ತು. ಸಮುರಾಯಿ ಎಂದರೆ ನಿಲುವಂಗಿ ಬೇಕು. ನಿಲುವಂಗಿ ಎಂದರೆ ಮಡಿಕೆ, ನೆರಿಗೆ. ಬಟ್ಟೆಯ ನೆರಿಗೆ ಬರೆಯುವುದು ನನಗೆ ಮೊದಲಿಂದಲೂ ಅಷ್ಟಾಗಿ ಒಗ್ಗಿಲ್ಲ. ಇದು ನನ್ನ ಕಲೆಯ ಏಕೈಕ ಗುಟ್ಟು. ಆದ್ದರಿಂದ ನಮ್ಮ ಸೆಕೆಗೆ ನಿಲುವಂಗಿ ಸೂಕ್ತವಲ್ಲ ಎಂದು ತೀರ್ಮಾನಿಸಿ, ಸೊಂಟಕ್ಕೊಂದು ಪಟ್ಟಿ, ಎರಡು ಕತ್ತಿ ಇಷ್ಟಕ್ಕೇ ಮುಗಿಸಿದೆ. ಆದರೆ ನಿಲುವಂಗಿಯ ಮೇಲಿರುವ ಮನೆತನದ ದುಂಡು ಗುರುತು ಬಿಡುವಂತಿರಲಿಲ್ಲ. ಅದಿಲ್ಲದೆ ಅವನು ಸಮುರಾಯಿ ಹೇಗಾದಾನು? ಹಗ್ಗ ಸುತ್ತಿಟ್ಟ ಹಾಗೆ ಒಂದು ಚಂದದ ಗುರುತು ಕಲ್ಪಿಸಿ ನೇರ ಮೈಮೇಲೆ, ಹಿಣಿಲಿನ ಹಿಂದೆ ಹಾಕಲು ನಿರ್ಧರಿಸಿದೆ.

ಕಣ್ಣಿಂದ ನೋಡದೆ ಏನನ್ನೂ ಬರೆಯಬಾರದು ಎಂಬುದು ನನ್ನ ನಿಯಮ. ಆದ್ದರಿಂದ ಮೊದಲು ಆ ಗುರುತನ್ನು ಕಂದು ಪೇಂಟಿನಲ್ಲಿ ಸರದಾರನ ಬೆನ್ನಿನ ಮೇಲೇ ಬರೆದೆ. ಅದನ್ನು ನೋಡಿಕೊಂಡು ಗೋಡೆಯ ಮೇಲೆ ಬರೆದೆ. ಅದ್ಭುತವಾಗಿ ಬಂತು! ಸರದಾರ ತಿರುಗಿ ನೋಡಿ ಉಸಿರುಬಿಟ್ಟ. ಮೆಚ್ಚುಗೆ ಎಂದು ತಿಳಿದೆ.

ಮರುದಿನ ಬೆಳಿಗ್ಗೆ ನೀರು ಹಾಕಿ ತಿಕ್ಕಿದೆ. ಪೇಂಟು ಹೋಗಲಿಲ್ಲ. ಸೋಪು ಹಚ್ಚಿದೆ, ಹೋಗಲಿಲ್ಲ. ಸೀಮೆಎಣ್ಣೆ ಹಚ್ಚಹೋದೆ, ಸರದಾರ ನನ್ನನ್ನು ಗೊಬ್ಬರದ ತಿಪ್ಪೆಗೆ ಒದ್ದ. ಹೊತ್ತು ಏರುತ್ತಿತ್ತು, ಸರದಾರನ ಬೀಗರು ಬರುವ ವೇಳೆ. ಸುವರ್ಣಾಳ ಹೊಲಿಗೆಯ ಕತ್ತರಿ ತಂದು, ಬಣ್ಣ ಹತ್ತಿದ ಕೂದಲನ್ನು ನಾಜೂಕಾಗಿ ಕತ್ತರಿಸಿ ತೆಗೆದೆ. ಒಂದು ರೊಟ್ಟಿಯಷ್ಟು ಜಾಗ ನುಣ್ಣಗಾಯಿತು. ಯಾರು ನೋಡುತ್ತಾರೆ?

ಸಂಗಪ್ಪ ಕಾಕಾ ನೋಡಿದರು!

ಕನ್ಯೆ ನೋಡಲು ಬಂದವರಂತೆ ಅವರು ಚಹಾ ಕುಡಿದು ಎದ್ದರು. ಹಲ್ಲು ನೋಡಿದರು, ಗೊರಸು ನೋಡಿದರು, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ತಲೆದೂಗಿದರು. ಭೀಮಣ್ಣನ ಮುಖ ಅರಳಿತು. ಆಮೇಲೆ ಅವರ ಕಣ್ಣು ನಮ್ಮ ಗೋಡೆಯ ಮೇಲೆ ಬಿತ್ತು. ಸುತ್ತ ಸೇರಿದ್ದ ಮಂದಿಯ ನಡುವಿನಿಂದ ನಾನು ಮುಂದೆ ಬಂದೆ.

"ಈ ಚಿತ್ರ ಯಾರು ಬರದಾರ?"

"ನಾನ್ರಿ ಕಾಕಾ. ಸರದಾರನ್ನ ಎದುರಿಗಿ ನಿಲ್ಲಿಸಿ ಬರದೀನಿ. ನಂದೊಂದು ನಿಯಮ ಅದ್ರಿ. ಕಣ್ಣಿಗೆ ಕಂಡದ್ದನ್ನಷ್ಟ ಬರೀತೀನಿ, ಒಂದು ಎಳಿ ಹೆಚ್ಚಿಲ್ಲ, ಒಂದು ಎಳಿ ಕಡಿಮಿ ಇಲ್ಲ!"

"ಖರೇ?"

"ಖರೇ ಅಂದ್ರ ಖರೇರಿ!"

ಕಾಕಾ ಗೋಡೆಯ ಹತ್ತಿರ ಹೋಗಿ ಹಿಣಿಲಿನ ಹಿಂದಿನ ದುಂಡು ಗುರುತಿನ ಮೇಲೆ ಬೆರಳಿಟ್ಟರು. ಆಮೇಲೆ ಸರದಾರನ ಬಳಿ ಬಂದು, ಅದೇ ಜಾಗದಲ್ಲಿ ಕೂದಲು ಕತ್ತರಿಸಿದ್ದ ನುಣುಪಿನ ಮೇಲೆ ಬೆರಳಿಟ್ಟರು.

"ಭೀಮಣ್ಣ, ಹಿಣಿಲಿನ ಹಿಂದ ಸುಳಿ ಇರೋ ಎತ್ತು ಮನಿ ಮುರೀತದ ಅನ್ನೋದು ಸಣ್ಣ ಕೂಸಿಗೂ ಗೊತ್ತದ. ಅದಕ್ಕ ಸುಳಿ ಕತ್ತರಿಸಿ ಮುಚ್ಚಿಟ್ಟಿ. ಆದ್ರ ಮಾಸ್ತರ ಇದ್ದದ್ದು ಇದ್ದಂಗ ಬರದು ಬಿಟ್ಟಾರ. ನಿನ್ನ ಮ್ಯಾಲ ಭಾಳ ವಿಶ್ವಾಸ ಇಟ್ಟಿದ್ದೆ ನಾ."

ಎತ್ತಿನ ಕೂದಲಿನ ಸುಳಿ ನೋಡಿ ಮನೆಯ ಏಳಿಗೆ ಹೇಳುತ್ತಾರೆ ಎಂಬುದು ಸುರಪುರದ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿ ಬೆಳೆದ ನನಗೆ ಹೇಗೆ ಗೊತ್ತಿರಬೇಕು? ಭೀಮಣ್ಣ ಸರದಾರನ ಕೊರಳಿಗೆ ಕೈಹಾಕಿ ನಿಂತುಬಿಟ್ಟ. ಅವನ ಮುಖ ನೋಡಿ ನಾನು ಇಬ್ಬರ ನಡುವೆ ಹೋಗಿ ನಿಂತೆ.

"ಕಾಕಾ, ಅದು ಸುಳಿ ಅಲ್ರಿ, ಸಮುರಾಯಿ ಮನೆತನದ ಗುರುತು!" ಎಂದೆ. ಪೇಂಟು, ಸೋಪು, ಕತ್ತರಿ ಎಲ್ಲವನ್ನೂ ಒಪ್ಪಿಕೊಂಡೆ.

"ಕಂಡದ್ದನ್ನಷ್ಟ ಬರೀತೀನಿ ಅಂತ ಈಗಷ್ಟ ಹೇಳಿದ್ರಿ."

"ಎತ್ತು ಕತ್ತಿ ಕಟ್ಟಿಕೊಂಡಿದ್ದು ಎಲ್ಲಿ ಕಂಡೀರಿ ಕಾಕಾ?"

"ಕತ್ತಿ ಕಟ್ಟತಾರ, ಬಿಚ್ಚತಾರ. ಸುಳಿ ಹುಟ್ಟಿಂದ ಬರ್ತದ."

ಓಡಿಹೋಗಿ ನನ್ನ ಮುಂಗುಸಿಯ ಪುಸ್ತಕ ತಂದು ತೋರಿಸಿದೆ. ಕಾಕಾ ಪುಟಗಳನ್ನು ನಿಧಾನವಾಗಿ ತಿರುವಿದರು. ಮುದುಕಿಗಾಗಿ ಹಂದಿಗಳ ಎದುರು ನಿಂತ ಪುಟದಲ್ಲಿ ಸ್ವಲ್ಪ ಹೊತ್ತು ನಿಂತರು. ಗಂಡಸು ಅಂದ್ರ ಇವನು ಎಂದರು. ನನಗೆ ಆ ಸ್ಥಿತಿಯಲ್ಲೂ ಹೆಮ್ಮೆಯಾಯಿತು. ಆಮೇಲೆ ತಲೆ ಎತ್ತಿದರು.

"ಇದರಾಗ ಗುರುತು ಬಟ್ಟಿ ಮ್ಯಾಲ ಅದ. ನೀವು ಯಾಕ ಮೈ ಮ್ಯಾಲ ಹಾಕೀರಿ?"

ಮಂದಿಯೆಲ್ಲ ನನ್ನನ್ನೇ ನೋಡಿದರು. ಅವರಲ್ಲಿ ನನ್ನ ವಿದ್ಯಾರ್ಥಿಗಳ ತಂದೆತಾಯಿಗಳಿದ್ದರು. ಮುಂಗುಸಿಯನ್ನು ನೆನೆದೆ. ಬಾಯಿ ತೆರೆದೆ.

"ನನಗ ಬಟ್ಟಿ ಬರಿಲಾಕ ಬರಂಗಿಲ್ರಿ."

"ಚಿತ್ರದ ಮಾಸ್ತರಗ ಬಟ್ಟಿ ಬರಿಲಾಕ ಬರಂಗಿಲ್ಲ? ಎತ್ತು ಸಾಗಹಾಕಲಾಕ ಸುಳ್ಳು ಹೇಳಬ್ಯಾಡ್ರಿ. ತಗೋರಿ ಇದ್ದಲಿ. ನನ್ನ ಧೋತರ ಬರೀರಿ, ನೋಡೂಣು!"

ಯಾರೋ ಒಲೆಯಿಂದ ತಂದ ಇದ್ದಿಲು ಕೈಗೆ ಬಂತು. ಕಾಕಾ ಗೋಡೆಯ ಪಕ್ಕ ನಿಂತರು. ನಾನು ಬರೆದೆ. ಅಳಿಸಿದೆ, ಮತ್ತೆ ಬರೆದೆ. ಬೆವರು ಹರಿಯಿತು. ಕೊನೆಗೆ ಪಕ್ಕಕ್ಕೆ ಸರಿದು ನಿಂತೆ.

ಕಾಕಾ ತಮ್ಮ ಧೋತರ ನೋಡಿಕೊಂಡರು, ಗೋಡೆ ನೋಡಿದರು, ಮತ್ತೆ ಧೋತರ ನೋಡಿಕೊಂಡರು.

"ಇದು ಧೋತರ?"

"ಹೌದ್ರಿ."

"ತೊಗರಿ ಚೀಲ ಒಡದು ಬಿದ್ದಂಗ ಅದ! ಇಂಥವರ ಚಿತ್ರ ನಂಬಿ ನಾ ಎತ್ತು ಬಿಟ್ಟು ಹೊಂಟಿದ್ದೆ ನೋಡು. ಭೀಮಣ್ಣ, ತಪ್ಪಾತಪ್ಪ, ಮನಸಿಗೆ ಹಚ್ಚಿಕೋಬ್ಯಾಡ. ಹಗ್ಗ ಕೊಡು."

ಸರದಾರ ಆ ಸಂಜೆಯೇ ಕೆಂಭಾವಿಗೆ ಹೋದ. ಭೀಮಣ್ಣ ಊರಬಾಗಿಲಿನವರೆಗೂ ಜೊತೆಯಲ್ಲಿ ನಡೆದು, ಕಣ್ಣೊರೆಸಿಕೊಂಡು ವಾಪಸು ಬಂದ. ನೇರ ನಮ್ಮ ಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಮಾಸ್ತರ್ರಿ, ನಾ ದಡ್ಡ ಅಲ್ಲ. ನಿಮ್ಮಂಥಾ ಕಲಾವಿದರಿಗಿ ಒಂದು ಧೋತರ ಬರಂಗಿಲ್ಲೇನು? ನನ್ನ ಎತ್ತಿನ ಸಲುವಾಗಿ ಊರ ಮಂದಿ ಎದುರಿಗಿ ಬೇಕಂತನ ಕೆಟ್ಟ ಬರದ್ರಿ. ನಿಮ್ಮ ಮರ್ಯಾದಿ ಕಳಕೊಂಡು ನನ್ನ ಸರದಾರಗ ಮನಿ ಕೊಡಿಸಿದ್ರಿ!"

ಒಲೆಯ ಮುಂದೆ ಕೂತಿದ್ದ ಸುವರ್ಣಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಎದ್ದು ಹೋದಳು.

ಸುದ್ದಿ ಊರೆಲ್ಲ ಹಬ್ಬಿತು. ತ್ಯಾಗ ಅಂದರೆ ಮಾಸ್ತರದು ಎಂದು ಇವತ್ತಿಗೂ ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ನಾನು ಸಮುರಾಯಿಯಂತೆ ಬಗ್ಗಿ ನಮಸ್ಕಾರ ಮಾಡುತ್ತೇನೆ, ಮಾತಾಡುವುದಿಲ್ಲ. ಹೇಳಬಹುದಾದರೂ ಏನನ್ನು? ಆ ದಿನ ಗೋಡೆಯ ಮೇಲೆ ನಾನು ಮೈಯೆಲ್ಲ ಬೆವರಿ ಬರೆದದ್ದು, ನನ್ನ ಜೀವಮಾನದಲ್ಲೇ ಅತ್ಯಂತ ಚೆನ್ನಾಗಿ ಬಂದ ಧೋತರ!